ಬುಟ್ಟಿ ಲಂಗದ ಮೇಲೆ ಧಾರೆ ಸೀರೆ

ಮಗಳ ಬ್ಯಾಲೆ ಟೀಚರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ. ಅಂಗಡಿಯ ತರಕಾರಿ ಸಾಲಿನಲ್ಲಿ ಎದುರಾದರೆ ನಾನು ನಗುತ್ತೇನೆ, ಅವಳೂ ನಗುತ್ತಾಳೆ. ಎರಡೂ ಸುಳ್ಳು ನಗೆ.

ಅವಳ ಶಾಲೆ ಇರುವುದು, ನಾವು ಬಂದು ನೆಲೆಸಿರುವ ಈ ಪರದೇಶದಲ್ಲಿ, ವುಡಿನ್‌ವಿಲ್‌ನ ಹಳೆಯ ಗೋದಾಮುಗಳ ಸಾಲಿನಲ್ಲಿ. ಎಡಕ್ಕೂ ವೈನ್ ಅಂಗಡಿ, ಬಲಕ್ಕೂ ವೈನ್ ಅಂಗಡಿ, ನಡುವೆ ಬಿಳಿ ಸ್ಟಾಕಿಂಗ್ಸ್ ತೊಟ್ಟ ಹೆಣ್ಣುಮಕ್ಕಳು. ಆ ವರ್ಷ ಟೀಚರಿಗೆ ಹದಿನೆಂಟನೇ ಶತಮಾನದ ಹುಚ್ಚು ಹಿಡಿಯಿತು. ವಾರ್ಷಿಕ ಪ್ರದರ್ಶನಕ್ಕೆ ಫ್ರಾನ್ಸಿನ ಅರಮನೆಯ ಬ್ಯಾಲೆಯೇ ಆಗಬೇಕು, ಬಟ್ಟೆಬರೆ ಎಲ್ಲ ಆ ಕಾಲದಲ್ಲಿ ಇದ್ದ ಹಾಗೇ ಇರಬೇಕು ಎಂದು ನಮ್ಮನ್ನೂ ಮಕ್ಕಳನ್ನೂ ಕೂರಿಸಿಕೊಂಡು ಪರದೆಯ ಮೇಲೆ ಚಿತ್ರ ತೋರಿಸಿದಳು. ತಲೆಯ ಮೇಲೆ ಹಿಟ್ಟು ಉದುರಿಸಿದ ವಿಗ್ಗು, ಮುಖಕ್ಕೆ ಸುಣ್ಣದಂಥ ಪೌಡರು, ಸೊಂಟದ ಎರಡೂ ಕಡೆ ಕಟ್ಟಿಕೊಂಡ ಬೆತ್ತದ ಬುಟ್ಟಿಗಳ ಮೇಲೆ ಹರಡಿದ ರೇಷ್ಮೆ ಲಂಗ. ನನಗೆ ಕಂಡದ್ದು ಗೊಬ್ಬರದ ಮಂಕರಿ ಹೊತ್ತ ಕತ್ತೆ. ಬಾಗಿಲಲ್ಲಿ ಅಡ್ಡಡ್ಡ ನುಗ್ಗಬೇಕಾದ ಈ ಹೆಂಗಸರು ಕುಣಿದರಾದರೂ ಹೇಗೆ ಎಂದು ಕೇಳಿಯೇಬಿಟ್ಟೆ.

ಹೆಚ್ಚಿನ ಹೆಂಗಸರು ಕುಣಿಯುತ್ತಿರಲಿಲ್ಲ, ತೇಲುತ್ತಿದ್ದರು ಎಂದಳು ಟೀಚರು. ಆದರೆ ಒಬ್ಬ ನರ್ತಕಿ ತನ್ನ ಪಾದಗಳ ಚುರುಕು ಜನಕ್ಕೆ ಕಾಣಲಿ ಎಂದು ಲಂಗವನ್ನು ಕಣಕಾಲಿನವರೆಗೆ ಮೋಟು ಮಾಡಿಕೊಂಡಳಂತೆ. ಪ್ಯಾರಿಸ್ಸಿನಲ್ಲಿ ದೊಡ್ಡ ಗುಲ್ಲೆದ್ದಿತಂತೆ. ಅದನ್ನು ಕೇಳಿ ಹನ್ನೆರಡು ವರ್ಷದ ನನ್ನ ಮಗಳು ಕಣ್ಣರಳಿಸಿದಳು.

ಅಂಥದೇ ಪಾತ್ರ ಅವಳಿಗೆ ಸಿಕ್ಕಿತು. ರಾಣಿಯಾಗಿ ಬರುವುದು, ಮುಂದೆ ಕಣಕಾಲಿನವರೆಗೆ ಲಂಗ, ಹಿಂದೆ ನೆಲ ಗುಡಿಸುವ ಉದ್ದ ಸೆರಗು. ಒಬ್ಬರು ಸೆರಗು ಹಿಡಿದು ಹಿಂದೆ ನಡೆಯುತ್ತಾರೆ, ಅದು ಯಾರೆಂದು ಟೀಚರು ಕೊನೆಯವರೆಗೂ ಗೊತ್ತು ಮಾಡಿರಲಿಲ್ಲ. ಆಮೇಲೆ ಅವರು ಸೆರಗು ಬಿಟ್ಟು ಸರಿದಾಗ ಅವಳು ಒಬ್ಬಳೇ ಕುಣಿಯಬೇಕು, ಮೇಲಕ್ಕೆ ಹಾರಿದಾಗ ಗಾಳಿಯಲ್ಲೇ ಪಾದಗಳು ಕತ್ತರಿಯ ಹಾಗೆ ಆಡಬೇಕು. ಚಳಿಗಾಲವಿಡೀ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಹಾರಿದಳು. ನನ್ನ ಸಾರಿನ ಪಾತ್ರೆ ಒಲೆಯ ಮೇಲೆ ಕುಣಿಯುತ್ತಿತ್ತು. ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದರು, ಎರಡು ಸಲವೂ ನಾನು ಜಗಳ ಆಡಿ ಕಳಿಸಿದೆ.

ಅವರವರ ಮಕ್ಕಳ ಬಟ್ಟೆ ಅವರವರೇ ಹೊಲಿಯಬೇಕು, ನಿಜವಾದ ರೇಷ್ಮೆಯೇ ಬೇಕು ಎಂದು ಅಪ್ಪಣೆಯಾಯಿತು. ಉಳಿದ ತಾಯಂದಿರು ಅಂಗಡಿ ಅಂಗಡಿ ಅಲೆದರು. ನಾನು ಬೀರು ತೆಗೆದು ಧಾರೆ ಸೀರೆ ಹೊರಗಿಟ್ಟೆ. ಕೆನೆ ಬಣ್ಣ, ಕೆಂಪಂಚು, ಮೈತುಂಬ ಜರಿಯ ಬುಟ್ಟಾ. ರೇಷ್ಮೆ ಅಂದರೇನು ಅಂತ ಇವರೂ ಒಂದು ಸಲ ನೋಡಲಿ ಎಂಬ ಕೊಬ್ಬು ನನ್ನದು. ಎವರೆಟ್‌ನ ವಿಮಾನ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ ಗಂಡ ಶೂ ಬಿಚ್ಚುತ್ತಿದ್ದವರು ಹಾಗೇ ನಿಂತುಬಿಟ್ಟರು.

"ಧಾರೆ ಸೀರೆ ಕಣೇ ಅದು. ಕತ್ತರಿ ಹಾಕ್ತೀಯಾ?"

"ಕತ್ತರಿ ಯಾರ್ ಹಾಕ್ತಾರೆ? ಫಾಲ್ ಹೊಲಿಯೋ ಥರ ಕೈಯಲ್ಲಿ ಹೊಲೀತೀನಿ. ದಾರ ಎಳೆದ್ರೆ ಸೀರೆ ಸೀರೆನೇ."

ನಮ್ಮ ಕಡೆ ಧಾರೆ ಸೀರೆಗೆ ಕತ್ತರಿ ತಾಗಿಸುವುದಿಲ್ಲ, ಮನೆಯಿಂದ ಆಚೆ ಕೊಡುವುದೂ ಇಲ್ಲ. ಮಗಳು ಉಟ್ಟರೆ ಅದು ಆಚೆ ಕೊಟ್ಟ ಹಾಗಲ್ಲ. ಪ್ಲಾಸ್ಟಿಕ್ ಪೈಪು ಬಗ್ಗಿಸಿ ಬುಟ್ಟಿ ಕಟ್ಟಿದೆ. ಅದರ ಮೇಲೆ ಸೀರೆಯನ್ನು ನೆರಿಗೆ ಹಿಡಿದು, ಉದ್ದುದ್ದ ಹೊಲಿಗೆಯಲ್ಲಿ ಕೂರಿಸಿದೆ. ಮಗಳು ದಾರದ ಉಂಡೆ ಹಿಡಿದು ಎದುರಿಗೆ ಕೂತಿರುತ್ತಿದ್ದಳು. ಗಂಟು ಯಾಕೆ ಹಾಕುತ್ತಿಲ್ಲ ಎಂದು ಕೇಳಿದಳು. ಬಿಚ್ಚಬೇಕಲ್ಲ, ಅದಕ್ಕೆ ಎಂದೆ.

ಟೀಚರಿಗೂ ಇದನ್ನು ಮುಚ್ಚಿಡಲಿಲ್ಲ. ಇದು ನನ್ನ ಮದುವೆಯ ಸೀರೆ, ಕತ್ತರಿಸಿಲ್ಲ, ಆಮೇಲೆ ಬಿಚ್ಚಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿದ್ದೆ. ಅವಳಂತೂ ಕುಣಿದಾಡಿಬಿಟ್ಟಳು. ಆ ಕಾಲದಲ್ಲೂ ರೇಷ್ಮೆ ದುಬಾರಿಯಾದ್ದರಿಂದ ಹೀಗೇ ಸಡಿಲ ಹೊಲಿಗೆ ಹಾಕಿ ಬಿಚ್ಚಿ ಮತ್ತೆ ಬಳಸುತ್ತಿದ್ದರಂತೆ.

ಪ್ರದರ್ಶನ ಶನಿವಾರ ಸಂಜೆ. ಬೆಳಿಗ್ಗೆ ಕೊನೆಯ ರಿಹರ್ಸಲ್. ಎಲ್ಲ ಮಕ್ಕಳಿಗೂ ಬಿಳಿ ಪೌಡರು ಮೆತ್ತಿದರು. ನನ್ನ ಮಗಳ ಎಣ್ಣೆಗೆಂಪು ಮುಖದ ಮೇಲೆ ಅದು ಬೂದಿಯ ಬಣ್ಣಕ್ಕೆ ತಿರುಗಿತು. ಟೀಚರು ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ ನೋಡಿದಳು. ಲೈಟಿನ ಕೆಳಗೆ ಸರಿ ಕಾಣುತ್ತಿಲ್ಲ ಎಂದಳು. ಪೌಡರು ತೆಗೆದರಾಯಿತಲ್ಲ ಎಂದೆ. ಹಾಗಾದರೆ ಅರಮನೆ ಅರಮನೆಯಾಗಿ ಉಳಿಯುವುದಿಲ್ಲವಂತೆ. ಆಮೇಲೆ, ಏನೋ ಉಡುಗೊರೆ ಕೊಡುವವಳ ಹಾಗೆ ಮುಖ ಅರಳಿಸಿಕೊಂಡು ಹೇಳಿದಳು: ಆ ಕಾಲದ ಚಿತ್ರಗಳಲ್ಲಿ ರಾಣಿಯ ಹಿಂದೆ ಕಪ್ಪು ಮೈಯ ಮಕ್ಕಳು ಸೆರಗು ಹಿಡಿದು ನಿಂತಿರುತ್ತಾರೆ, ಆ ಪಾತ್ರ ಇವಳಿಗೆ ಸೊಗಸಾಗಿ ಒಪ್ಪುತ್ತದೆ, ಪೌಡರೂ ಬೇಕಿಲ್ಲ. ರಾಣಿಯ ಕುಣಿತ ಇವಳಷ್ಟೇ ಎತ್ತರದ ಇನ್ನೊಂದು ಹುಡುಗಿ ಕಲಿತಿದ್ದಾಳೆ. ಬಟ್ಟೆ ಪಾತ್ರಕ್ಕೆ ಸೇರಿದ್ದು, ಅವಳಿಗೆ ತೊಡಿಸೋಣ.

ನನ್ನ ಧಾರೆ ಸೀರೆಯನ್ನು ಬೇರೆ ಹುಡುಗಿ ಉಡಬೇಕು, ನನ್ನ ಮಗಳು ಅದರ ಸೆರಗು ಹಿಡಿದು ಹಿಂದೆ ನಡೆಯಬೇಕು. ನಾನು ಬಾಯಿ ತೆಗೆಯುವಷ್ಟರಲ್ಲಿ ಮಗಳ ಮೈಯಿಂದ ಬಟ್ಟೆ ಬಿಚ್ಚಿ ಆ ಹುಡುಗಿಗೆ ತೊಡಿಸಿ ಅಳತೆ ನೋಡುತ್ತಿದ್ದರು. ದಾರದ ತುದಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಎರಡು ಹೆಜ್ಜೆ ಮುಂದೆಯೂ ಹೋದೆ. ಆದರೆ ಕೌರವರ ಸಭೆಯ ಕಥೆ ಕೇಳಿಕೊಂಡು ಬೆಳೆದವಳು, ಉಟ್ಟ ಹುಡುಗಿಯ ಮೈಮೇಲಿನ ಸೀರೆಗೆ ಕೈ ಹಾಕಲಾರೆ. ಕಾದೆ. ಆ ಹುಡುಗಿ ಬಟ್ಟೆ ಬಿಚ್ಚಿ ಸ್ಟ್ಯಾಂಡಿಗೆ ಹಾಕಿ ಆಚೆ ಹೋದ ಮೇಲೆ ತುದಿ ಹಿಡಿದು ಎಳೆದೆ. ಸೀರೆ ಸರಸರನೆ ಕೈಗೆ ಬಂತು. ಸ್ಟ್ಯಾಂಡಿನ ಮೇಲೆ ಕೋಳಿ ಮುಚ್ಚುವ ಕುಕ್ಕೆಯಂತೆ ಬುಟ್ಟಿ ಮಾತ್ರ ಉಳಿಯಿತು.

ಏನು ಮಾಡುತ್ತಿದ್ದೀಯಾ ಎಂದು ಟೀಚರು ಕೇಳಿದಳು.

ಹದಿನೆಂಟನೇ ಶತಮಾನದಲ್ಲಿ ಮಾಡುತ್ತಿದ್ದುದನ್ನೇ ಎಂದೆ. ಸೀರೆ ಮಡಚಿ, ಮಗಳ ಕೈ ಹಿಡಿದು ಹೊರಟೆ.

ವೈನ್ ಕುಡಿಯಲು ಬಂದವರ ಕಾರುಗಳು ರಸ್ತೆ ತುಂಬ ತೆವಳುತ್ತಿದ್ದವು. ನಾನು ಮನೆಯ ದಾರಿಯ ಕ್ಯಾನ್ಯನ್ ಪಾರ್ಕ್ ತಲುಪುವವರೆಗೂ ಬೈಯುತ್ತಲೇ ಇದ್ದೆ, ಟೀಚರನ್ನು, ಅವಳ ಅರಮನೆಯನ್ನು, ಎದುರಿಗಿದ್ದ ಕಾರನ್ನು. ಮಗಳು ತೊಡೆಯ ಮೇಲೆ ಸೀರೆ ಇಟ್ಟುಕೊಂಡು ಕೂತಿದ್ದಳು. ಮುಖದ ಪೌಡರು ಕಣ್ಣೀರಲ್ಲಿ ಗೆರೆಗೆರೆಯಾಗಿತ್ತು.

"ಸಾಕು ಬಿಡು ಕಂದಾ, ಸೀರೆ ವಾಪಸ್ ತಂದ್ವಲ್ಲ" ಎಂದೆ.

ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. "ನೀನು ಸೀರೆ ವಾಪಸ್ ಕೇಳಿದೆ. ನನ್ನ ಡ್ಯಾನ್ಸ್ ವಾಪಸ್ ಕೇಳಲಿಲ್ಲ."

ಮುಂದಿನ ಸಿಗ್ನಲ್ಲಿನಲ್ಲಿ ಕಾರು ತಿರುಗಿಸಿದೆ.

ನಾವು ಹೋದಾಗ ಟೀಚರು ಆ ಬುಟ್ಟಿಗೆ ಕಿಟಕಿಯ ಪರದೆಯೊಂದನ್ನು ಪಿನ್ನು ಹಾಕಿ ಸಿಕ್ಕಿಸುತ್ತಿದ್ದಳು. ಪ್ರೇಕ್ಷಕರನ್ನು ಸ್ವಾಗತಿಸಲೆಂದು ತಾನೂ ವಿಗ್ಗು ಹಾಕಿ, ಪೌಡರು ಬಳಿದುಕೊಂಡಿದ್ದಳು. ಸೀರೆ ಬೇಕಾದರೆ ಕುಣಿಯುವವಳು ನನ್ನ ಮಗಳು ಎಂದೆ. ಅವಳು ಪರದೆಯನ್ನು ನೋಡಿದಳು, ಗಡಿಯಾರ ನೋಡಿದಳು, ಸರಿ ಎಂದಳು. ಆದರೆ ಪೌಡರು ಬೇಕು ಎಂದಳು. ಮಗಳು ತಾನೇ ಬೇಡ ಎಂದಳು, ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಬದಲಿ ಹುಡುಗಿ ತನ್ನ ಮೊದಲಿನ ಸಾಲಿಗೆ ಮರಳಿ ದೊಡ್ಡ ಉಸಿರು ಬಿಟ್ಟಳು. ಆ ಜಿಗಿತ ಅವಳಿಗೆ ಬರುತ್ತಿರಲಿಲ್ಲ.

ನಾನು ಮತ್ತೆ ಸೂಜಿ ಹಿಡಿದೆ. ಮಗಳು ಕೈ ಎತ್ತಿ ನಿಂತಳು. ಹೊಲಿಗೆ ಮುಗಿಯುವ ಹೊತ್ತಿಗೆ ಟೀಚರು ಬಂದು, ಸೆರಗು ಹಿಡಿಯಲು ಯಾರನ್ನಾದರೂ ಹುಡುಕಬೇಕಲ್ಲ ಎಂದು ಗೊಣಗಿದಳು. ಅವಳ ಕಣ್ಣು ಕೊನೆಯ ಸಾಲಿನ ಕೊರಿಯನ್ ಪುಟಾಣಿಯ ಮೇಲೆ ನಿಂತಿತು.

"ಮಕ್ಕಳು ಯಾರೂ ಹಿಡಿಯುವುದಿಲ್ಲ" ಎಂದೆ. "ಹಿಡಿಯಲೇಬೇಕು ಅನ್ನುವುದಾದರೆ ನೀವೇ ಹಿಡಿಯಿರಿ." ಮಾತು ಮುಗಿಸುವಾಗ ದಾರದ ತುದಿ ನನ್ನ ಬೆರಳಲ್ಲೇ ಇತ್ತು. ಅವಳೂ ಅದನ್ನು ನೋಡಿದಳು.

ಸಂಜೆ ಪರದೆ ಎದ್ದಾಗ ಮಗಳು ತನ್ನದೇ ಮುಖದಲ್ಲಿ ಬಂದಳು. ಅವಳ ಹಿಂದೆ, ಹಿಟ್ಟಿನ ವಿಗ್ಗಿನಡಿ ಬೆವರುತ್ತ, ನನ್ನ ಧಾರೆ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಟೀಚರು ನಡೆದಳು. ರಂಗದ ನಡುವಿನವರೆಗೂ ಮಗಳು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಅಲ್ಲಿ ನಿಂತು, ಸೆರಗು ಬಿಡಲಿ ಎಂದು ಕಾದಳು, ಆಮೇಲೆ ಹಾರಿದಳು.