ಆಟದೊಳಗಿನ ಅಕ್ಕ

ನಾನು ಆಡುವ ಆಟ ಎಂಥದು ಎಂದು ನನ್ನನ್ನು ಗಂಭೀರವಾಗಿ ಕೇಳಿದ ಮೊದಲ ಮನುಷ್ಯ ಧಾರವಾಡದ ಒಬ್ಬ ಸಬ್ ಇನ್ಸ್‌ಪೆಕ್ಟರ್. ಅಲ್ಲಿಯವರೆಗೆ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮ್ಮದು ಕನ್ನಡಕದ ಅಂಗಡಿ. ಅಣ್ಣ ಗಲ್ಲೆಯ ಮೇಲೆ ಕೂರುತ್ತಾನೆ. ನಾನು ಹಿಂದಿನ ಕೋಣೆಯಲ್ಲಿ ಗಾಜು ತಿಕ್ಕಿ ಫ್ರೇಮಿಗೆ ಕೂರಿಸುತ್ತೇನೆ. ಮಧ್ಯಾಹ್ನ ಗಿರಾಕಿಗಳು ಕಡಿಮೆ. ನಮಾಜು, ಊಟ ಮುಗಿಸಿ ಅಣ್ಣ ಕುರ್ಚಿಯಲ್ಲೇ ತೂಕಡಿಸುತ್ತಾನೆ. ನಾನು ಕಂಪ್ಯೂಟರಿನ ಮುಂದೆ ಕೂರುತ್ತೇನೆ.

ಆಡದವರಿಗೆ ಹೇಳುವುದಾದರೆ ಅದು ಹೀಗೆ. ಇಂಟರ್‌ನೆಟ್ಟಿನೊಳಗೆ ಒಂದು ದೊಡ್ಡ ಸೀಮೆ ಇದೆ ಎಂದುಕೊಳ್ಳಿ. ಕಾಡು, ಕೋಟೆ, ಸಂತೆ, ಹೊಳೆ ಎಲ್ಲ ಉಂಟು. ಊರೂರಿನ ಸಾವಿರಾರು ಜನ ತಂತಮ್ಮ ಮನೆಯಲ್ಲಿ ಕೂತು ಒಂದೇ ಹೊತ್ತಿಗೆ ಅದರೊಳಗೆ ಓಡಾಡುತ್ತಿರುತ್ತಾರೆ. ಪ್ರತಿಯೊಬ್ಬರಿಗೂ ಒಂದು ವೇಷ, ಒಂದು ಕಸುಬು. ಗೆದ್ದು ಮುಗಿಸುವ ಆಟವಲ್ಲ ಅದು. ನೀವು ಕಂಪ್ಯೂಟರ್ ಆರಿಸಿ ಮಲಗಿದರೂ ಅಲ್ಲಿ ಸಂತೆ ನಡೆದೇ ಇರುತ್ತದೆ. ದೊಡ್ಡ ರಾಕ್ಷಸ ಎದುರಾದರೆ ಒಬ್ಬರಿಂದ ಆಗುವುದಿಲ್ಲ. ಒಬ್ಬ ಮುಂದೆ ಗುರಾಣಿ ಹಿಡಿದು ಏಟು ತಿನ್ನಬೇಕು, ಕೆಲವರು ದೂರದಿಂದ ಹೊಡೆಯಬೇಕು, ಒಬ್ಬರು ಹಿಂದೆ ನಿಂತು ಎಲ್ಲರ ಗಾಯ ಮಾಯಿಸುತ್ತಿರಬೇಕು. ಹೆಡ್‌ಫೋನ್ ಹಾಕಿಕೊಂಡು ಮಾತಾಡುತ್ತಲೇ ಆಡುತ್ತೇವೆ. ಹಾಗಾಗಿ ಮುಖ ತಿಳಿಯದ ಜನರ ದನಿ ಮಾತ್ರ ಮನೆಯವರ ದನಿಯಷ್ಟೇ ಪರಿಚಯವಾಗುತ್ತದೆ.

ನಮ್ಮ ಗುಂಪಿನಲ್ಲಿ ಗುರಾಣಿ ಹಿಡಿಯುವವನು ವಿಜಯಪುರದವನು, ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ನಾನೂ ಇನ್ನಿಬ್ಬರೂ ಬಿಲ್ಲುಗಾರರು. ಗಾಯ ಮಾಯಿಸುವ ಕೆಲಸ ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರದು. ಅವರು ವಯಸ್ಸಾದವರು, ಧಾರವಾಡದ ಮಾಳಮಡ್ಡಿಯವರು ಎನ್ನುವುದಷ್ಟೇ ಗೊತ್ತಿತ್ತು. ಮೊಮ್ಮಗ ಕಲಿಸಿದ ಆಟವಂತೆ; ಅವನು ಬಿಟ್ಟ, ಇವರು ಹಿಡಿದರು. ಎಲ್ಲರಿಗೂ ಬೇಡವಾದ ಆ ಕಸುಬನ್ನು ಯಾಕೆ ಆರಿಸಿಕೊಂಡಿರಿ ಎಂದು ಒಮ್ಮೆ ಕೇಳಿದ್ದೆ.

"ಮನ್ಯಾಗ ಎಲ್ಲಾರದೂ ಮಾಡಿ ಮಾಡಿ ಕೈಗೆ ರೂಢಿ ಆಗೇತಿ, ತಮ್ಮಾ. ಇಲ್ಲ್ಯಾರ ಬ್ಯಾರೆ ಏನ್ ಮಾಡ್ಲಿ?" ಎಂದಿದ್ದರು.

ಹೆಸರು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆಟದಲ್ಲಿ ಅದೇ ಮರ್ಯಾದೆ. ಅವರ ದನಿಯ ಹಿಂದೆ ಸದಾ ಹಿಟ್ಟಿನ ಗಿರಣಿಯ ಸದ್ದು ಕೇಳುತ್ತಿತ್ತು. ಮನೆಯ ಎದುರಿಗೇ ಗಿರಣಿ, ಬಟ್ಟೆ ಒಣಹಾಕಿದರೆ ಹಿಟ್ಟು ಕೂರುತ್ತದೆ ಎಂದು ಬೈದುಕೊಳ್ಳುತ್ತಿದ್ದರು.

ಆ ದಿನ ನಾವು ಒಂದು ಹಳೆಯ ಕೋಟೆಯೊಳಗೆ ಹೊಡೆದಾಟದಲ್ಲಿದ್ದೆವು. ಇದ್ದಕ್ಕಿದ್ದಂತೆ ನಮ್ಮ ಗಾಯಗಳು ಮಾಯುವುದು ನಿಂತಿತು. ವಿಜಯಪುರದವನು ಬಿದ್ದ. ನಾನು ಅಕ್ಕನನ್ನು ಕರೆದೆ.

"ತಮ್ಮಾ, ನನ್ನ ಎಡಗೈ ಯಾಕೋ ಏಳವಲ್ದು," ಎಂದರು. ಮುಂದಿನ ಮಾತು ತೊದಲಿತು, ಅದರ ಮುಂದಿನದು ಮಾತೇ ಆಗಿರಲಿಲ್ಲ. ಏನೋ ಬಿದ್ದ ಸದ್ದಾಯಿತು. ಅಕ್ಕನ ವೇಷ ಪರದೆಯ ಮೇಲೆ ಸುಮ್ಮನೆ ನಿಂತಿತ್ತು. ಗಿರಣಿ ತಿರುಗುತ್ತಿತ್ತು, ನಡುವೆ ಉಸಿರಿನ ಸದ್ದು.

ನಮ್ಮ ತಂದೆಗೂ ಹೀಗೇ ಲಕ್ವಾ ಹೊಡೆದಿತ್ತು, ನನಗೆ ಗುರುತು ಸಿಕ್ಕಿತು. ವಿಜಯಪುರದವನಿಗೆ ನೀನು ಮಾತಾಡುತ್ತಲೇ ಇರು ಎಂದು ಹೇಳಿ, ಅವನ ನಂಬರ್ ಬರೆದುಕೊಂಡು ೧೧೨ಕ್ಕೆ ಫೋನ್ ಮಾಡಿದೆ. ಪೇಶಂಟಿನ ಹೆಸರು ಕೇಳಿದರು, ವಿಳಾಸ ಕೇಳಿದರು. ಮಾಳಮಡ್ಡಿ, ಗಿರಣಿಯ ಎದುರು ಎಂದಷ್ಟೇ ಹೇಳಿದೆ. ಒಂದು ತಾಸಿನ ಮೇಲೆ ಠಾಣೆಯಿಂದ ಸಬ್ ಇನ್ಸ್‌ಪೆಕ್ಟರರ ಫೋನ್ ಬಂತು. ನನ್ನ ಹೆಸರು ಕೇಳಿ ಒಂದು ಕ್ಷಣ ಸುಮ್ಮನಾದರು. ಆ ಮೌನ ನನಗೆ ಹೊಸದಲ್ಲ.

"ಹೆಸರು ಗೊತ್ತಿಲ್ಲ ಅಂತೀರಿ, ನಂಬರ್ ಗೊತ್ತಿಲ್ಲ ಅಂತೀರಿ, ಮಾರಿನೂ ನೋಡಿಲ್ಲ. ದಿನಾ ಮಾತಾಡ್ತೇನಿ ಅಂತೀರಿ. ಸಂಬಂಧ ಏನ್ರಿ ನಿಮ್ಮದು?"

"ಕೂಡಿ ಆಡ್ತೀವ್ರಿ, ಸಾಹೇಬ್ರ."

"ಏನು, ರಮ್ಮೀನ?"

ಅಲ್ಲ ಎಂದೆ. ಕೋಟೆ, ರಾಕ್ಷಸ, ಗಾಯ ಎಂದೇನೋ ಹೇಳಹೋದೆ. ಹೇಳಿದಷ್ಟೂ ನನಗೇ ಹುಚ್ಚನ ಮಾತಿನಂತೆ ಕೇಳಿಸಿತು. ಅಣ್ಣ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ಯಾರದೋ ಮನೆಯ ಹೆಂಗಸಿನ ವಿಷಯದಲ್ಲಿ ನಡುವೆ ಹೋಗಬೇಡ, ಕಾಲ ಸರಿಯಿಲ್ಲ ಎಂದ. ಹಾಗೆನ್ನುತ್ತಲೇ ಬೈಕಿನ ಕೀಲಿಯನ್ನೂ ಕೈಗಿಟ್ಟ.

ನಾನು ಮಾಳಮಡ್ಡಿ ಮುಟ್ಟಿದಾಗ ಪೊಲೀಸರು ಗಿರಣಿಯನ್ನು ಹುಡುಕಿ, ಎದುರಿನ ಮನೆಯ ಕಟ್ಟೆಯ ಮೇಲೆ ನಿಂತಿದ್ದರು. ಮಧ್ಯಾಹ್ನ ಮನೆಯಲ್ಲಿ ಅಕ್ಕ ಒಬ್ಬರೇ, ಬಾಗಿಲಿಗೆ ಒಳಗಿನಿಂದ ಚಿಲಕ. ಕೂಗಿದರೆ ಉತ್ತರವಿಲ್ಲ. ಗಿರಣಿಯವರು ಅಕ್ಕನ ಮಗನಿಗೆ ಫೋನ್ ಮಾಡಿದ್ದರು. ಆತ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರ ಕಚೇರಿಯಲ್ಲಿದ್ದ. ಅವ್ವ ಮಧ್ಯಾಹ್ನ ಮಲಗುತ್ತಾಳೆ, ಎಬ್ಬಿಸಬೇಡಿ, ಅದನ್ನು ಹೇಳಿದ ಮನುಷ್ಯ ಯಾರು, ಮೊದಲು ಅವನನ್ನು ವಿಚಾರಿಸಿ ಎಂದಿದ್ದನಂತೆ. ಮನೆಯವರ ಒಪ್ಪಿಗೆಯಿಲ್ಲದೆ ಬಾಗಿಲು ಒಡೆಯುವುದು ಹೇಗೆ ಎಂದು ಸಬ್ ಇನ್ಸ್‌ಪೆಕ್ಟರ್ ಕಾಯುತ್ತಿದ್ದರು. ನಾನು ಫೋನಿನಲ್ಲಿ ವಿಜಯಪುರದವನನ್ನು ಹಿಡಿದು, ಅವನು ಹೆಡ್‌ಫೋನಿನಲ್ಲಿ ಕೇಳುತ್ತಿದ್ದುದನ್ನು ಅವರಿಗೆ ಕೇಳಿಸಿದೆ. ಹೊರಗೆ ನಾವು ಬಾಗಿಲು ತಟ್ಟಿದ್ದು ಅವನಿಗೆ ಕೇಳಿತ್ತು. "ಈಗ ಬಾಗಲಾ ಬಡದ್ರಲ್ರಿ, ಅದ ಮನಿ," ಎಂದ. ಸಬ್ ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದರು. ಗಿರಣಿಯಿಂದ ಹಾರೆ ತರಿಸಿದರು. ಅಷ್ಟರಲ್ಲಿ ಹೊತ್ತು ಇಳಿದಿತ್ತು.

ಒಳಗೆ ಹೋದಾಗ ಮೊದಲು ಕೇಳಿಸಿದ್ದು ನೆಲದ ಮೇಲೆ ಬಿದ್ದಿದ್ದ ಹೆಡ್‌ಫೋನಿನಿಂದ ಬರುತ್ತಿದ್ದ ಸಣ್ಣ ದನಿ. "ಅಕ್ಕಾ, ಬಂದಾರ ಅಕ್ಕಾ, ಕಣ್ಣ ಮುಚ್ಚಬ್ಯಾಡ." ಪಕ್ಕದಲ್ಲಿ ಅಕ್ಕ ಬಿದ್ದಿದ್ದರು. ಹಣೆಯ ಮೇಲೆ ವಿಭೂತಿ, ಬಿಳಿ ಕೂದಲು, ಒಂದು ಕಡೆ ಜಾರಿದ ಬಾಯಿ. ಕಣ್ಣುಗಳು ತೆರೆದಿದ್ದವು.

ಆಸ್ಪತ್ರೆಯಲ್ಲಿ ವೈದ್ಯರು, ಮೆದುಳಿಗೆ ರಕ್ತ ಕಟ್ಟಿದೆ, ಬೇಗ ತಂದಿದ್ದರೆ ಕರಗಿಸುವ ಮದ್ದು ಕೊಡಬಹುದಿತ್ತು, ಈಗ ಆ ಹೊತ್ತು ಮೀರಿದೆ ಎಂದರು. ಓಡಿಬಂದ ಮಗ ಅದನ್ನು ಕೇಳಿ ಗೋಡೆಗೆ ಒರಗಿದ.

ವರಾಂಡದಲ್ಲಿ ಸಬ್ ಇನ್ಸ್‌ಪೆಕ್ಟರ್ ನನ್ನ ಪಕ್ಕ ಕೂತು, ಅದು ಎಂಥ ಆಟ ಎಂದು ಮತ್ತೆ ಕೇಳಿದರು. ಈ ಸಲ ದನಿಯಲ್ಲಿ ಅನುಮಾನವಿರಲಿಲ್ಲ.

"ದೊಡ್ಡಾಟದಾಗ ವೇಷ ಕಟ್ಟತಾರಲ್ರಿ, ಹಂಗ," ಎಂದೆ. "ಆದ್ರ ಇಲ್ಲಿ ನೋಡಾವ್ರು ಯಾರೂ ಇರೂದಿಲ್ಲ. ಎಲ್ಲಾರೂ ಆಡಾವ್ರ."

ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. "ಮೊದಲ ಹಿಂಗ ಹೇಳಿದ್ರ ತಿಳೀತಿತ್ತಲ್ರಿ ನನಗ," ಎಂದರು.

ಅಕ್ಕ ಬದುಕಿದರು. ಮಾತು ಹೋಯಿತು, ಎಡಮೈ ಹೋಯಿತು. ಮನೆಗೆ ಕರೆತಂದರೆಂದು ತಿಳಿದು ನಾನು ಹೆಂಡತಿಯನ್ನು ಕರೆದುಕೊಂಡು ನೋಡಲು ಹೋದೆ. ಅಂದು ನೆಲದ ಮೇಲಿದ್ದಾಗ ನನ್ನ ಮುಖವನ್ನು ಗಮನಿಸುವ ಸ್ಥಿತಿ ಅವರಿಗಿರಲಿಲ್ಲ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಅಕ್ಕಾ, ಹೆಂಗದೀರಿ?" ಎಂದೆ. ತಲೆ ತಟ್ಟನೆ ತಿರುಗಿತು. ಗಂಟಲಿನಿಂದ ಒಂದು ಸದ್ದು ಬಂತು, ಕಣ್ಣಿಂದ ನೀರು ಇಳಿಯಿತು. ಸೊಸೆ ಬೆರಗಾಗಿ, ಮನೆಗೆ ಬಂದಾಗಿನಿಂದ ಯಾರ ದನಿಗೂ ಹೀಗೆ ತಿರುಗಿರಲಿಲ್ಲ ಎಂದರು. ಮಗ ಅದನ್ನು ನೋಡುತ್ತ ನಿಂತಿದ್ದ.

ಚಹಾ ಕೊಟ್ಟರು. ಆಮೇಲೆ ಗೇಟಿನ ತನಕ ಬಂದು ಮಗ ಕೈ ಮುಗಿದ.

"ನಿಮ್ಮ ಉಪಕಾರ ಮರಿಯೂದಿಲ್ರಿ. ಆದ್ರ ಓಣ್ಯಾಗ ಮಂದಿ ಏನೇನೋ ಅನ್ನಾಕತ್ತಾರ. ನಮ್ಮವ್ವ ಯಾರ ಜೋಡಿ ಮಾತಾಡ್ತಿದ್ಲು ಅಂತ ನಮಗ ಗೊತ್ತಿರಲಿಲ್ಲ. ಇನ್ನ ಬರಬ್ಯಾಡ್ರಿ."

ಸಿಟ್ಟು ಬರಲಿಲ್ಲ ನನಗೆ. ಒಂದೇ ಮನೆಯಲ್ಲಿದ್ದೂ ತಾಯಿಯ ಮಧ್ಯಾಹ್ನಗಳು ತನಗೆ ಗೊತ್ತಿರಲಿಲ್ಲ ಎಂಬುದು ಅವನಿಗೆ ಮಂದಿಯ ಮಾತಿಗಿಂತ ಹೆಚ್ಚು ಚುಚ್ಚಿರಬೇಕು.

ಮಳೆಗಾಲದಲ್ಲಿ ಗಿರಣಿಯವರು ಫೋನ್ ಮಾಡಿ, ಅಕ್ಕ ತೀರಿಕೊಂಡರು, ಮಣ್ಣು ಮಾಡಿಬಂದೆವು ಎಂದು ಹೇಳಿದರು. ನಾನು ಗುಂಪಿನವರಿಗೆ ಹೇಳಿದೆ. ವಿಜಯಪುರದವನು ಅಳುತ್ತಿದ್ದ ಎಂದು ತೋರುತ್ತದೆ, ಮೈಕ್ ಮುಚ್ಚಿಕೊಂಡ. ನಮ್ಮ ನಾಲ್ಕು ವೇಷಗಳು ಹೊಳೆಯ ದಂಡೆಯ ಮೇಲೆ ಏನೂ ಮಾಡದೆ ನಿಂತಿದ್ದವು. ಗುರುತಿಲ್ಲದ ಜನ ನಮ್ಮ ನಡುವೆ ಹಾದು ಸಂತೆಯ ಕಡೆ ಓಡುತ್ತಿದ್ದರು. ಅಷ್ಟರಲ್ಲಿ ಅಣ್ಣ ಹೊರಗಿನಿಂದ ಕರೆದ. ಗಿರಾಕಿಗಳು ಬಂದಿದ್ದರು.