ಫೆಬ್ರುವರಿ ಇಪ್ಪತ್ತೊಂಬತ್ತರ ಹಾಳೆ

ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಅಲ್ಪವಿರಾಮಯ್ಯ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕರಡು ತಿದ್ದುತ್ತಿದ್ದುದು ಆ ಹೆಸರಿಗೆ ಅರ್ಧ ಕಾರಣ. ಇನ್ನರ್ಧ ಅವರ ನಡಿಗೆ. ಯಾವ ಬಾಗಿಲು ಎದುರಾದರೂ ಒಂದು ಗಳಿಗೆ ನಿಂತೇ ಒಳಗೆ ಹೋಗುತ್ತಿದ್ದರು. ಲಿಫ್ಟಿನ ಮುಂದೆ ನಿಲ್ಲುತ್ತಿದ್ದರು, ರಸ್ತೆ ಖಾಲಿ ಇದ್ದರೂ ನಿಲ್ಲುತ್ತಿದ್ದರು, ಫೋನು ಹೊಡೆದುಕೊಂಡರೆ ಎತ್ತುವ ಮುನ್ನ ಎದ್ದು ನಿಲ್ಲುತ್ತಿದ್ದರು. ಬೆಳಿಗ್ಗೆ ಮನೆ ಬಿಡುವಾಗಲಂತೂ ಒಂದು ಕಾಲು ಹೊಸಿಲಾಚೆ, ಇನ್ನೊಂದು ಒಳಗೆ. ಗ್ಯಾಸ್ ಆರಿಸಿದೆಯೋ ಇಲ್ಲವೋ, ನಲ್ಲಿ ನಿಲ್ಲಿಸಿದೆಯೋ ಇಲ್ಲವೋ, ಇವತ್ತು ಬಸ್ಸಿನ ಬ್ರೇಕು ಹಿಡಿಯುತ್ತದೋ ಇಲ್ಲವೋ. ಆಗ ಹೆಂಡತಿ ಒಳಗಿನಿಂದಲೇ ಕೂಗಬೇಕು: "ಹೆದರಿಕೆ ಆದ್ರೆ ಆಗ್ಲಿ, ಚಪ್ಪಲಿ ಹಾಕ್ಕೊಂಡು ಹೊರಡಿ ರೀ!"

ಇಂಥ ಮನುಷ್ಯನಿಗೆ ಇದ್ದ ಒಂದೇ ಆಧಾರವೆಂದರೆ ಅವರ ಪ್ರೆಸ್ಸೇ ಅಚ್ಚು ಹಾಕುವ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಪ್ರತಿ ತಾರೀಕಿನ ಕೆಳಗೆ ಊರಿನ ಹಿರಿಯ ಕವಿಯೊಬ್ಬರ ಒಂದು ಸೂಕ್ತಿ ಇರುತ್ತಿತ್ತು. ವರ್ಷಗಟ್ಟಲೆ ಅವುಗಳನ್ನು ತಿದ್ದಿ ತಿದ್ದಿ ಅಲ್ಪವಿರಾಮಯ್ಯ ಕೊನೆಗೆ ನಂಬಿಯೇಬಿಟ್ಟಿದ್ದರು. ಆಯಾ ದಿನದ ಸೂಕ್ತಿಯನ್ನು ಡಾಕ್ಟರ ಚೀಟಿಯಂತೆ ಪಾಲಿಸುತ್ತಿದ್ದರು. 'ಮೆಟ್ಟಿಲನ್ನಲ್ಲ, ಮಹಡಿಯನ್ನು ನೋಡುತ್ತ ಏರು' ಎಂದಿದ್ದ ದಿನ ಮೊಣಕಾಲಿಗೆ ಪಟ್ಟಿ ಹಾಕಿಸಿಕೊಂಡು ಬಂದರು. 'ಉತ್ತರಿಸದವನ ಕಡೆಗೇ ಆಕಾಶ ಬಾಗುತ್ತದೆ' ಎಂದಿದ್ದ ದಿನ, "ಬೀಗದಕೈ ತಗೊಂಡ್ರಾ?" ಎಂದು ಜೊತೆಗೇ ಹೊರಟಿದ್ದ ಹೆಂಡತಿ ಕೇಳಿದರೂ ಉತ್ತರಿಸದೆ ಬಾಗಿಲೆಳೆದುಕೊಂಡರು. ಸಂಜೆ ಗಂಡಹೆಂಡಿರಿಬ್ಬರೂ ಮೆಟ್ಟಿಲ ಮೇಲೆ ಕೂತು ಬೀಗ ಒಡೆಯುವವನಿಗಾಗಿ ಕಾದರು. ಆಕಾಶವೇನೂ ಬಾಗಲಿಲ್ಲ. ಆದರೂ ಅವರ ಭಕ್ತಿ ಕದಲಲಿಲ್ಲ.

ಈ ಭಕ್ತನೇ ಕವಿಗಳ ಹೆಸರಿನಲ್ಲಿ ಒಂದು ಸುಳ್ಳು ಅಚ್ಚು ಹಾಕಿಬಿಟ್ಟಿದ್ದರು.

ಆದದ್ದಿಷ್ಟು. ಕವಿಗಳು ಪ್ರತಿ ಸೂಕ್ತಿಯನ್ನೂ ಒಂದೊಂದು ಚೀಟಿಯಲ್ಲಿ ಸ್ವಹಸ್ತದಿಂದ ಬರೆದು, ತಾರೀಕು ಹಾಕಿ ಕಳಿಸುತ್ತಿದ್ದರು. ಈ ಸಲ ಮುನ್ನೂರ ಅರವತ್ತೈದೇ ಕಳಿಸಿದ್ದರು. ವರ್ಷಕ್ಕೆ ಈ ಸಲ ಒಂದು ದಿನ ಹೆಚ್ಚು ಎಂಬುದು ಅವರಿಗೂ ಹೊಳೆಯಲಿಲ್ಲ, ಪ್ರೆಸ್ಸಿನವರಿಗೂ ಹೊಳೆಯಲಿಲ್ಲ. ಫೆಬ್ರುವರಿಯ ಹಾಳೆಗಳು ಯಂತ್ರಕ್ಕೆ ಏರುವ ಮಧ್ಯಾಹ್ನ ಇಪ್ಪತ್ತೊಂಬತ್ತರ ಕೆಳಗೆ ಖಾಲಿ ಜಾಗ ಕಂಡು ಅಲ್ಪವಿರಾಮಯ್ಯನ ಎದೆ ಧಸಕ್ಕೆಂದಿತು. ಕವಿಗಳ ಮನೆಗೆ ಫೋನು ಮಾಡಿದರೆ, "ಅಪ್ಪ ಚಿಂತನೆಯಲ್ಲಿದಾರೆ, ಐದರ ಮೇಲೆ ಮಾಡಿ" ಎಂದಳು ಮಗಳು. ಚಿಂತನೆಯ ಗೊರಕೆ ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇತ್ತ ಪ್ರೆಸ್ಸಿನ ಯಜಮಾನರು ಬಾಗಿಲಲ್ಲಿ ನಿಂತು, "ಇನ್ನೂ ಎಷ್ಟೊತ್ತು? ಯಂತ್ರ ಸುಮ್ನೆ ನಿಂತಿದೆ ಕಣ್ರೀ!" ಎಂದು ಗುಡುಗಿದರು. ಅಲ್ಪವಿರಾಮಯ್ಯನ ತಲೆಯೊಳಗೆ ಆಗ ಇದ್ದದ್ದು ದಿನಾ ಬೆಳಿಗ್ಗೆ ಕೇಳುವ ಒಂದೇ ವಾಕ್ಯ. ನಡುಗುವ ಕೈಯಲ್ಲಿ ಅದನ್ನೇ ಬರೆದುಕೊಟ್ಟರು: 'ಹೆದರಿಕೆಯಾದರೆ ಆಗಲಿ, ಚಪ್ಪಲಿ ಮೆಟ್ಟಿ ಹೊರಡು.'

ಯಾರೂ ಓದದೆ ಹರಿದು ಬಿಸಾಡುತ್ತಾರೆ ಎಂದುಕೊಂಡಿದ್ದರು. ಜನ ಹರಿದರು, ಬಿಸಾಡಲಿಲ್ಲ. ಹಲ್ಲಿನ ಡಾಕ್ಟರು ಅದನ್ನು ರೋಗಿಗಳು ಕೂರುವ ಕೋಣೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದರು. ಈಜುಕೊಳದ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದರು, ಅಲ್ಲಿ ಚಪ್ಪಲಿಗೆ ಪ್ರವೇಶವಿಲ್ಲದಿದ್ದರೂ. ಮನೆಯಲ್ಲಿ ಹೆಂಡತಿ ಆ ಹಾಳೆ ಹಿಡಿದು ಬೀಗುತ್ತ, "ನೋಡಿದ್ರಾ? ಅಷ್ಟು ದೊಡ್ಡ ಕವಿಗಳೂ ನಾನು ಹೇಳೋದನ್ನೇ ಹೇಳಿದಾರೆ!" ಎಂದಳು. ಅಲ್ಪವಿರಾಮಯ್ಯ ಅನ್ನ ಕಲಸುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ.

ಮಾರ್ಚಿ ಮೂರನೇ ವಾರ ಯಜಮಾನರು ಹೇಳಿದರು: "ನಾಳೆ ಹನ್ನೊಂದಕ್ಕೆ ಕವಿಗಳು ಬರ್ತಾರಂತೆ. ನಿಮ್ಮನ್ನೇ ನೋಡ್ಬೇಕಂತೆ. ಏನ್ರೀ ಮಾಡಿದೀರಿ?"

"ಏನಿಲ್ಲ ಸಾರ್."

"ಏನಾದ್ರೂ ಇದ್ರೆ ಈಗ್ಲೇ ಹೇಳಿ. ಅವರಿಗೆ ಬೇಜಾರಾದ್ರೆ ನೀವೂ ಇಲ್ಲ, ನಿಮ್ಮ ಕೆಂಪು ಪೆನ್ನೂ ಇಲ್ಲ."

ಮರುದಿನ ಹತ್ತೂವರೆಯಿಂದಲೇ ಅಲ್ಪವಿರಾಮಯ್ಯನ ಬೆನ್ನಲ್ಲಿ ಬೆವರು ಇಳಿಯತೊಡಗಿತು. ಕರಡಿನ ಸಾಲುಗಳು ಕಣ್ಣ ಮುಂದೆ ಇರುವೆಗಳಂತೆ ಹರಿದಾಡಿದವು. ಈ ಕೆಲಸ ಹೋದರೆ ಇನ್ನೊಬ್ಬರ ತಪ್ಪು ಹುಡುಕುವುದು ಬಿಟ್ಟು ತಮಗೆ ಬೇರೇನೂ ಬಾರದು. ಅದನ್ನು ಸಂಬಳವಿಲ್ಲದೆ ಮಾಡುವವರು ಊರ ತುಂಬ ಇದ್ದಾರೆ. ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿತು.

ಕವಿಗಳು ಒಳಗೆ ಬಂದರು. ಬಾಗಿಲು ಹಾಕಲು ಹೇಳಿದರು. ಕ್ಯಾಲೆಂಡರಿನ ಮೇಲಿನ ಚಿತ್ರದಲ್ಲಿ ದಿಗಂತವನ್ನು ದಿಟ್ಟಿಸುವ ಮನುಷ್ಯ ಈಗ ಮುರುಕು ಸ್ಟೂಲಿನ ಅಂಚಿನಲ್ಲಿ ಕೂತು ನೆಲ ನೋಡುತ್ತಿದ್ದರು.

"ನನ್ನ ಚೀಟಿಗಳನ್ನ ಇಟ್ಟಿದೀರಾ?"

"ವರ್ಷ ಮುಗಿಯೋತನಕ ಎಸೆಯಲ್ಲ ಸಾರ್."

"ಇಪ್ಪತ್ತೊಂಬತ್ತರದ್ದು ತೆಗೀರಿ."

ಅಲ್ಪವಿರಾಮಯ್ಯ ರಟ್ಟಿನ ಡಬ್ಬಿ ತೆರೆದು, ಇಲ್ಲವೆಂದು ಗೊತ್ತಿರುವುದನ್ನು ಹುಡುಕತೊಡಗಿದರು. ಚೀಟಿಗಳು ಬೆರಳಿಗೆ ಅಂಟಿಕೊಂಡವು.

ಕವಿಗಳು ದನಿ ತಗ್ಗಿಸಿದರು. "ನಿಮ್ಮಲ್ಲೇ ಇರಲಿ ಮಾರಾಯ್ರೇ. ಆ ಸಾಲು ಬರೆದದ್ದು ನನಗೆ ನೆನಪಿಲ್ಲ. ಜನ ಬಂದು ಕೈ ಹಿಡಿದುಕೊಂಡು ಅದನ್ನೇ ಹೇಳ್ತಾರೆ. ನಾನು ನಗ್ತೀನಿ. ಮನೆಗೆ ಹೋಗಿ ನೆನಪು ಮಾಡ್ಕೋತೀನಿ, ಬರೋದೇ ಇಲ್ಲ. ನಮ್ಮಪ್ಪನಿಗೂ ಹೀಗೇ ಶುರುವಾದದ್ದು. ಕೊನೆಗೆ ನನ್ನನ್ನೇ ಯಾರು ಅಂತ ಕೇಳಿದರು." ಊರುಗೋಲಿನ ಮೇಲಿದ್ದ ಕೈ ನಡುಗುತ್ತಿತ್ತು. "ಬರೆಯೋದು ನಿಲ್ಲಿಸಿದೀನಿ. ನಾಳೆ ಡಾಕ್ಟರ ಹತ್ರ ಹೋಗ್ಬೇಕು. ಆ ಚೀಟಿ ನೋಡಿದರೆ ಏನಾದರೂ ಹೊಳೀಬಹುದೇನೋ ಅಂತ ಬಂದೆ."

ಅಲ್ಪವಿರಾಮಯ್ಯನಿಗೆ ಆ ನಡುಗುವ ಕೈಯ ಗುರುತು ಹತ್ತಿತು. ಅದು ತಮ್ಮದೇ ಕೈಯಂತಿತ್ತು. 'ಚೀಟಿ ಕಳೆದುಹೋಗಿದೆ ಸಾರ್' ಎಂದರೆ ಮುಗಿಯಿತು, ಕೆಲಸ ಉಳಿಯುತ್ತದೆ. ನಾಲಿಗೆಯ ತುದಿಗೆ ಬಂದಿತ್ತು. ಅಭ್ಯಾಸಬಲದಿಂದ ಅಲ್ಲೇ ಒಂದು ಗಳಿಗೆ ನಿಂತರು. ಯಾವುದೋ ಬಾಗಿಲ ಒಳಗಿನಿಂದ ಹೆಂಡತಿ ಕೂಗಿದಂತಾಯಿತು.

"ಸಾರ್, ಆ ಚೀಟಿ ಇಲ್ಲ. ಇರಲೇ ಇಲ್ಲ. ಆ ಸಾಲು ನಿಮ್ಮದಲ್ಲ."

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು. ಒಂದು ವಿರಾಮಚಿಹ್ನೆಯೂ ಇಲ್ಲದೆ.

ಕವಿಗಳ ಬೆನ್ನು ನಿಧಾನವಾಗಿ ನೆಟ್ಟಗಾಯಿತು, ಗಲ್ಲ ಮೇಲೆದ್ದಿತು, ಕಣ್ಣು ದಿಗಂತ ಹುಡುಕಿತು. "ಚಪ್ಪಲಿ! ನನ್ನ ಹೆಸರಿನ ಮೇಲೆ ಚಪ್ಪಲಿ! ಐವತ್ತು ವರ್ಷದಲ್ಲಿ ಒಂದೇ ಒಂದು ಸಾಲಿನಲ್ಲಿ ಆ ಪದ ಬಳಸಿದೀನೇನ್ರೀ ನಾನು?"

"ಇಲ್ಲ ಸಾರ್."

"ನನಗೆ ಆಗ್ಲೇ ಅನುಮಾನ ಇತ್ತು! ಬರೆದಿದ್ರೆ ತಾನೇ ನೆನಪಿರೋದು!"

ಕೂಗಾಟ ಕೇಳಿ ಯಜಮಾನರು ಓಡಿಬಂದು ಬಾಗಿಲು ತಳ್ಳಿದರು. "ಏನಾಯ್ತು ಸಾರ್? ಇವನೇನಾದ್ರೂ..."

ಅಲ್ಪವಿರಾಮಯ್ಯ ಕಣ್ಣು ಮುಚ್ಚಿದರು. ಕವಿಗಳು ಅವರನ್ನೊಮ್ಮೆ ನೋಡಿದರು.

"ನಾನು ಕಳಿಸಿದ್ದರಲ್ಲಿ ಒಂದು ಕಡಿಮೆ ಇತ್ತು. ತಪ್ಪು ನಂದು. ಪಾಪ, ಇವರು ತುಂಬಿಸಿದಾರೆ. ನೀವು ಹೋಗಿ, ಕಾಫಿ ಹೇಳಿ." ಯಜಮಾನರು ಅರ್ಥವಾದವರಂತೆ ತಲೆಯಾಡಿಸಿ ಹೋದರು.

ಕವಿಗಳು ಡಬ್ಬಿಯಲ್ಲಿ ಚೀಟಿಗಳ ಅಡಿಗಿದ್ದ ಕ್ಯಾಲೆಂಡರಿನ ಕರಡಿನಿಂದ ಇಪ್ಪತ್ತೊಂಬತ್ತರ ಹಾಳೆ ಎಳೆದುಕೊಂಡು ತಮ್ಮ ಹೆಸರನ್ನು ಹೊಡೆದುಹಾಕಿದರು. ಕೈ ಈಗ ನಡುಗುತ್ತಿರಲಿಲ್ಲ. "ಯಾರ ಸಾಲಿದು? ನಿಮ್ಮದಾ?"

"ನಮ್ಮ ಮನೆಯವರದು ಸಾರ್. ದಿನಾ ಹೇಳ್ತಾರೆ."

"ಅವರಿಗೆ ಗೊತ್ತಾ?"

"ಇಲ್ಲ ಸಾರ್. ಹೇಳೋಕೆ... ಹೆದರಿಕೆ."

ಕವಿಗಳು ಹಾಳೆಯ ಕೆಳಗೆ 'ಇದು ನನ್ನದಲ್ಲ, ಈ ತಾಯಿಯದು' ಎಂದು ಬರೆದು ರುಜು ಹಾಕಿ ಮಡಚಿ ಕೊಟ್ಟರು. "ಇವತ್ತೇ ಕೊಡಿ. ನನ್ನನ್ನ ಮೂರು ವಾರ ಸಾಯಿಸಿದೀರಿ. ನೀವೂ ಒಂದು ಸಂಜೆ ಅನುಭವಿಸಿ."

ಸಂಜೆ ಅಲ್ಪವಿರಾಮಯ್ಯ ತಮ್ಮದೇ ಮನೆ ಬಾಗಿಲ ಮುಂದೆ ನಿಂತರು. ಜೇಬಿನೊಳಗೆ ಹಾಳೆ ಕೆಂಡದಂತಿತ್ತು. ತನ್ನ ಮಾತನ್ನು ಕದ್ದು ಇನ್ನೊಬ್ಬರ ಹೆಸರಿಗೆ ಬರೆದದ್ದಕ್ಕೆ ಅವಳು ಏನೆನ್ನುತ್ತಾಳೋ! ಯಜಮಾನರು ಕೆಲಸದಿಂದ ಮಾತ್ರ ತೆಗೆಯಬಲ್ಲವರಾಗಿದ್ದರು.

ಒಳಗಿನಿಂದ ದನಿ ಬಂತು. "ಎಷ್ಟೊತ್ತು ಅಲ್ಲೇ ನಿಂತಿರ್ತೀರಿ? ಏನೇ ಆಗಿರ್ಲಿ, ಚಪ್ಪಲಿ ಬಿಟ್ಟು ಒಳಗೆ ಬನ್ನಿ!"

ಅವರು ಚಪ್ಪಲಿ ಬಿಟ್ಟರು.