ಎಲೆಯ ಪಕ್ಕದ ಚೊಂಬು

ಅಮ್ಮ ತೀರಿಕೊಂಡ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ, ಸಿಟ್ಟು ಮಾತ್ರ ಕರೆಯದೆಯೇ ಬರುತ್ತಿತ್ತು. ಸೌಟು, ತಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದೆ. ಒಂದು ದಿನ ಕುಕ್ಕರಿನ ಮುಚ್ಚಳ ನಮ್ಮೆಜಮಾನರ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಅವರು ಮಾರನೇ ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಪಾಂಡವಪುರದಲ್ಲಿ ವಾರಕ್ಕೊಮ್ಮೆ ಸೇರುವ ಒಂದು ಗುಂಪಿಗೂ ಹೋಗಿ ಎಂದರು. ಅಲ್ಲೇನು ಮಾಡಿಸುತ್ತಾರೆ ಅಂತ ಕೇಳಿದರೆ, ಚಿತ್ರ ಬರೆಸುತ್ತಾರೆ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಗಳ ಮದುವೆ ಮಾಡಿ ಮುಗಿಸಿದವಳು ನಾನು, ಕ್ರೇಯಾನ್ ಹಿಡಿದು ಆನೆ ಒಂಟೆ ಬರೆಯಲೇ?

ಆದರೂ ಹೋದೆ. ಒಂದು ಸಭಾಭವನದ ಹಿಂದಿನ ಕೋಣೆ, ನೆಲಕ್ಕೆ ಜಮಖಾನ, ನಡುವೆ ಬಣ್ಣದ ಡಬ್ಬ. ನಡೆಸುತ್ತಿದ್ದವಳು ಮೈಸೂರಿನಿಂದ ಬರುವ ಆಪ್ತಸಮಾಲೋಚಕಿ, ನನ್ನ ಮಗಳ ವಯಸ್ಸಿನವಳು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಚಿತ್ರ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಯಾರೂ ಅನ್ನುವಂತಿರಲಿಲ್ಲ. ಅದರ ಅರ್ಥವನ್ನು ಬರೆದವರೇ ಹೇಳಬೇಕಿತ್ತು. ಮೊದಲ ದಿನ ನಾನು ಒಂದು ಸೌಟು ಬರೆದೆ. ಯಾರೂ ನಗಲಿಲ್ಲ. ಇದು ನಮ್ಮಮ್ಮ ಹಿಡಿಯುತ್ತಿದ್ದ ಸೌಟು ಎನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು. ಆಮೇಲೆ ಒಂದು ವಾರವೂ ತಪ್ಪಿಸಲಿಲ್ಲ.

ನನ್ನ ಪಕ್ಕ ಕೂರುತ್ತಿದ್ದವಳು ಕ್ಯಾತನಹಳ್ಳಿ ಕಡೆಯ ಹೆಂಗಸು. ಅವಳ ಗಂಡ ಕಬ್ಬಿನ ಲೋಡು ತೆಗೆದುಕೊಂಡು ಕಾರ್ಖಾನೆಗೆ ಹೋದವನು ತಿರುಗಿ ಬರಲಿಲ್ಲ. ಟ್ರಾಕ್ಟರು ಸಿಕ್ಕಿತು, ಅವನು ಸಿಗಲಿಲ್ಲ. ಅಲ್ಲಿಂದೀಚೆಗೆ ಎರಡು ಸಲ ಕಬ್ಬು ಕಟಾವಾಗಿತ್ತು. ಬಸ್ಸಿಗೆ ಕಾಯುವಾಗ ಇದನ್ನೆಲ್ಲ ನನಗೆ ಹೇಳಿದ್ದಳು, ಗುಂಪಿನಲ್ಲಿ ಮಾತ್ರ ಬಾಯೇ ಬಿಡುತ್ತಿರಲಿಲ್ಲ. ಪಿತೃಪಕ್ಷ ಹತ್ತಿರ ಬಂದಾಗ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದುಕೊಂಡಳು.

"ನಮ್ಮತ್ತೆ ಈ ಸಲ ಅವ್ರಿಗೂ ಎಡೆ ಇಡ್ಬೇಕು ಅಂತಾವ್ರೆ ಕಣಕ್ಕ. ಹೊಸ ಅಂಗಿ ಪಂಚೆನೂ ತಂದು ಮಡಗವ್ರೆ. ಎಡೆ ಇಟ್ಬುಟ್ರೆ ನಾನೇ ಅವ್ರನ್ನ ಸಾಯಿಸ್ದಂಗಲ್ವಾ?"

ನಮ್ಮ ಕಡೆ ಹಿರಿಯರ ಹಬ್ಬಕ್ಕೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಅದೇ ಎಡೆ. ಬದುಕಿರುವವರಿಗೆ ಯಾರೂ ಇಡುವುದಿಲ್ಲ. ಬಸ್ಸು ಬಂತು, ಅವಳು ಹತ್ತಿ ಹೋದಳು.

ಮುಂದಿನ ವಾರ ಮೇಡಂ ಹೊಸದೊಂದು ಮಾಡಿಸಿದಳು. ಒಬ್ಬೊಬ್ಬರೂ ಒಂದು ಚಿತ್ರ ಬರೆದು ಪಕ್ಕದವರಿಗೆ ದಾಟಿಸಬೇಕು, ಅವರು ಅದಕ್ಕೆ ಏನಾದರೊಂದು ಸೇರಿಸಬೇಕು, ಹಾಳೆ ಒಂದು ಸುತ್ತು ಹೋಗಿ ಬರೆದವರ ಕೈಗೇ ಬರಬೇಕು. ಕ್ಯಾತನಹಳ್ಳಿಯವಳು ಬಾಳೆಎಲೆ ಬರೆದಿದ್ದಳು. ಖಾಲಿ ಎಲೆ. ನಮ್ಮ ಜನಕ್ಕೆ ಖಾಲಿ ಎಲೆ ಕಂಡರೆ ಕೈ ಸುಮ್ಮನಿರುತ್ತದೆಯೇ? ನಾನು ಒಂದು ಮುದ್ದೆ ಇಟ್ಟೆ. ಆಚೆಯವರು ಕೋಳಿಸಾರು ಬಿಟ್ಟರು, ಇನ್ನೊಬ್ಬರು ಈರುಳ್ಳಿ ಹೆಚ್ಚಿ ಹಾಕಿದರು. ಕೊನೆಗೆ ಹಾಳೆ ಸಿಕ್ಕಿದ್ದು ಕೆ.ಆರ್. ಪೇಟೆಯಿಂದ ಬರುತ್ತಿದ್ದ ನಿವೃತ್ತ ಬಸ್ ಕಂಡಕ್ಟರಿಗೆ. ಹೆಂಡತಿಯನ್ನು ಕಳೆದುಕೊಂಡವರು, ವರ್ಷವರ್ಷವೂ ಎಡೆ ಇಡುವವರು. ಅವರು ಎಲೆಯ ತುದಿಗೆ ಎರಡು ಊದುಬತ್ತಿ ಬರೆದು, ಹೊಗೆಯನ್ನೂ ಎಳೆದರು.

ಹಾಳೆ ಅವಳ ಕೈಗೆ ಬಂತು.

"ಯಾರು ಊದುಬತ್ತಿ ಅಚ್ಚಿದ್ದು? ನಮ್ಮನೆಯವ್ರು ಸತ್ತವ್ರೆ ಅಂತ ನಿಮ್ಗ್ಯಾರು ಯೋಳುದ್ರು?"

ಅಷ್ಟು ದಿನದಲ್ಲಿ ಗುಂಪಿನೊಳಗೆ ಅವಳ ದನಿ ಕೇಳಿದ್ದು ಅದೇ ಮೊದಲು. ಕಂಡಕ್ಟರ ಮುಖ ಬಾಡಿಹೋಯಿತು. "ಅಯ್ಯೋ, ನಂಗೊತ್ತಿರ್ಲಿಲ್ಲ ಕಣವ್ವ. ಎಲೆ ತುಂಬಿತ್ತಲ್ಲ, ಕೈ ತಾನೇ ಓಯ್ತು."

ನಾನು ಸುಮ್ಮನಿರಲಾರದೆ ಮೇಡಂ ಮೇಲೆ ಹರಿಹಾಯ್ದೆ. "ನೀವಾದ್ರೂ ತಡೀಬಾರ್ದಾಗಿತ್ತಾ? ಒಳ್ಳೆ ಕತೆ ಆಯ್ತಲ್ಲ ನಿಮ್ದು!" ಮೇಡಂ ನನ್ನತ್ತ ಒಮ್ಮೆ ನೋಡಿ ತಲೆಯಾಡಿಸಿದಳು, ಆಮೇಲೆ ಕ್ಯಾತನಹಳ್ಳಿಯವಳ ಎದುರು ಹೋಗಿ ಕೂತಳು. "ಹಾಳೆ ನಿಮ್ಮದು. ಏನು ಬೇಕಾದರೂ ಮಾಡಿ. ಹರಿದುಹಾಕಿದರೂ ಸರಿ," ಎಂದಳು.

ಅವಳು ಹರಿಯಲಿಲ್ಲ. ನೀಲಿ ಬಣ್ಣ ತೆಗೆದುಕೊಂಡು ಎಲೆಯ ಪಕ್ಕ ಒಂದು ಚೊಂಬು ಬರೆದಳು. ಸೊಟ್ಟ ಚೊಂಬು, ಕಂಠದವರೆಗೂ ನೀರು.

"ಸತ್ತೋರು ಕೈ ತೊಳ್ಯಲ್ಲ. ನಮ್ಮೆಜಮಾನ್ರು ಬಂದ್ರೆ ಮೊದ್ಲು ಕೈ ತೊಳ್ದೇ ಉಣ್ಣಕ್ಕೆ ಕೂರೋದು."

ಊದುಬತ್ತಿಯ ಮೇಲೆ ಬೇರೆ ಬಣ್ಣ ಬಳಿದುಬಿಡಲೇ ಎಂದು ಕಂಡಕ್ಟರು ಮೆಲ್ಲಗೆ ಕೇಳಿದರು. "ಬ್ಯಾಡ ಬುಡಿ, ಇರ್ಲಿ," ಎಂದಳು. "ನಮ್ಮತ್ತೆಗೆ ಅದು ಬೇಕು, ನಂಗೆ ಇದು ಬೇಕು." ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಹೋದಳು.

ಹಬ್ಬದ ದಿನ ನಾನು ಅಮ್ಮನಿಗೆ ಎಡೆ ಇಟ್ಟೆ. ಮನಸ್ಸೆಲ್ಲ ಕ್ಯಾತನಹಳ್ಳಿ ಕಡೆಗೇ ಇತ್ತು. ಅತ್ತೆಯ ಹಟಕ್ಕೆ ಅವಳು ಸೋತಿರಬಾರದು ಕಣಮ್ಮಾ ಎಂದು ಅಮ್ಮನನ್ನೇ ಬೇಡಿಕೊಂಡೆ.

ಹಬ್ಬ ಕಳೆದ ಮೇಲೆ ಅವಳು ಬಂದಳು. ಯಾರೂ ಕೇಳದೆ ತಾನೇ ಮಾತು ಶುರುಮಾಡಿದಳು.

"ಹಾಳೆ ತೋರ್ಸ್ದೆ. ಇದುನ್ನ ಬರ್ಯಕ್ಕಾ ವಾರ್ವಾರ ಬಸ್ಸತ್ತಿ ಓಗೋದು ಅಂತ ನಮ್ಮತ್ತೆ ಬಾಯ್ಗೆ ಬಂದಂಗೆ ಬೈದ್ರು. ಆಮೇಲೆ ಹಾಳೆ ಇಸ್ಕಂಡು ನೋಡ್ತಾ ಕೂತ್ಬುಟ್ರು."

"ಆ ಅಂಗಿ ಪಂಚೆ?" ನಾನು ತಡೆಯಲಾರದೆ ಕೇಳಿದೆ.

"ಎಡೆಗೆ ಇಡ್ಲಿಲ್ಲ ಕಣಕ್ಕ. ಮಾವ್ನೋರಿಗೆ ಮಾತ್ರ ಒಳ್ಗಡೆ ಎಡೆ ಇಟ್ರು. ನಾನು ಪಡಸಾಲೇಲಿ, ಅವ್ರು ದಿನಾ ಕೂರೋ ಜಾಗ್ದಲ್ಲಿ, ಒಂದೆಲೆ ಆಕ್ದೆ. ಚೊಂಬು ತರಕ್ಕೆ ಓದ್ರೆ ನಮ್ಮತ್ತೆ ಆಗ್ಲೇ ಒಲೆ ಮುಂದೆ ನಿಂತವ್ರೆ. 'ತಣ್ಣೀರು ಇಡ್ಬ್ಯಾಡ ಕಣೇ, ನನ್ ಮಗುಂಗೆ ಬಿಸ್ನೀರೇ ಆಗ್ಬೇಕು' ಅಂದು, ಅವ್ರೇ ಚೊಂಬು ತುಂಬುದ್ರು."

ಅವತ್ತು ನಮ್ಮಲ್ಲಿ ಯಾರೂ ಬಣ್ಣದ ಡಬ್ಬ ಮುಟ್ಟಲಿಲ್ಲ.